ಸಾಕು ಅಂದರೂ ಹಾಕುತ್ತಿದ್ದ ಹುಡುಗ

ಮಕ್ಕಳನ್ನು ಕಿವಿ ಪರೀಕ್ಷೆಗೆ ಕರೆತರುವವರು ಬಹುಪಾಲು ಮನೆಯಲ್ಲೇ ಒಂದು ಪರೀಕ್ಷೆ ಮುಗಿಸಿ ಬಂದಿರುತ್ತಾರೆ. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿರುತ್ತಾರೆ, ತಟ್ಟೆ ಬಡಿದಿರುತ್ತಾರೆ. ಮಗು ತಿರುಗಿದರೆ ಕಿವಿ ಸರಿಯಿದೆ ಎಂದು ತೀರ್ಮಾನ. ಆ ನಾಲ್ಕು ವರ್ಷದ ಹುಡುಗನ ಅಮ್ಮನೂ ಅದನ್ನೇ ಹೇಳಿದರು. "ಪಕ್ಕದ ರೂಮಿಂದ ಕರೆದ್ರೂ ಓಡಿ ಬರ್ತಾನೆ ಮೇಡಂ. ಹಟ ಜಾಸ್ತಿ, ಅಷ್ಟೆ. ಟೀಚರ್ ಒಂದ್ಸಲ ತೋರಿಸಿ ಅಂದ್ರು, ಅದಕ್ಕೇ ಬಂದೆ."

ಹಟ ಅಂದರೆ ಏನು ಮಾಡುತ್ತಾನೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾನು ಯಾವತ್ತೂ ಬಿಡುವುದಿಲ್ಲ. ಯಂತ್ರ ಹೇಳದ್ದನ್ನು ಎಷ್ಟೋ ಸಲ ತಾಯಂದಿರ ದೂರು ಹೇಳುತ್ತದೆ. "ಬಕೆಟ್ಟಿಗೆ ನೀರು ಹಾಕ್ತಿರ್ತಾನೆ, ಸಾಕು ಅಂದ್ರೆ ಇನ್ನೂ ಸುರೀತಾನೆ. ಬೈದ್ರೆ ಮುಖ ನೋಡ್ತಾ ನಿಲ್ತಾನೆ."

ನಮ್ಮ ಆರೋಗ್ಯ ಕೇಂದ್ರದಲ್ಲಿ ಶಬ್ದ ಒಳಬರದಂಥ ಕೋಣೆಯಿಲ್ಲ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಹೊರಗಿನ ಗದ್ದಲ ಇಳಿಯುವವರೆಗೆ ಕಾದು ಶುರುಮಾಡಬೇಕು. ಮೊದಲು ಟಿಂಪನೋಮೆಟ್ರಿ ಮಾಡಿದೆ, ಅಂದರೆ ಗಾಳಿಯ ಒತ್ತಡ ಬದಲಿಸಿ ಕಿವಿತಮಟೆ ಆಡುತ್ತದೆಯೇ ಎಂದು ನೋಡುವ ಪರೀಕ್ಷೆ. ಕಿವಿತಮಟೆ ಚೆನ್ನಾಗಿ ಆಡುತ್ತಿತ್ತು. ಈ ವಯಸ್ಸಿನಲ್ಲಿ ಪದೇಪದೇ ಕಾಣುವ ತೊಂದರೆಯೆಂದರೆ ತಮಟೆಯ ಹಿಂದೆ ನೀರು ನಿಲ್ಲುವುದು, ಇಲ್ಲಿ ಅದಿರಲಿಲ್ಲ.

ಆಮೇಲೆ ಆಟ. ಹೆಡ್‌ಫೋನ್ ಹಾಕಿ, ಕೈಗೊಂದು ಮರದ ತುಂಡು ಕೊಟ್ಟು, ಶಬ್ದ ಕೇಳಿದ ಕೂಡಲೇ ಡಬ್ಬಿಗೆ ಹಾಕಬೇಕು ಎಂದು ತೋರಿಸಿಕೊಟ್ಟೆ. ದಪ್ಪ ದನಿಯ 500 ಹರ್ಟ್ಜ್‌ನಲ್ಲಿ ಅವನು ಚುರುಕು. 20 ಡೆಸಿಬೆಲ್‌ನ ಸಣ್ಣ ಸದ್ದಿಗೂ ಟಕ್ ಎಂದು ಹಾಕುತ್ತಿದ್ದ. ಕೀರಲು ದನಿಯ 4000 ಹರ್ಟ್ಜ್‌ಗೆ ಬಂದಾಗ ತುಂಡನ್ನು ಕೆನ್ನೆಗೆ ಒತ್ತಿ ಹಿಡಿದು ಕೂತ. ಕಣ್ಣು ನನ್ನ ಬೆರಳಿನ ಮೇಲೆ. ಗುಂಡಿ ಒತ್ತುವುದು ಕಾಣದಂತೆ ಕೈಯನ್ನು ಯಂತ್ರದ ಹಿಂದೆ ಸರಿಸಿದೆ. ಆಗ ನನ್ನ ಮುಖ ನೋಡತೊಡಗಿದ. ಕಿವಿಗೆ ಸಿಗದ್ದನ್ನು ಕಣ್ಣಿನಿಂದ ಹುಡುಕುವ ಮಗುವಿನ ನೋಟವೇ ಬೇರೆ, ಅಭ್ಯಾಸವಾದವರಿಗೆ ತಕ್ಷಣ ಗೊತ್ತಾಗುತ್ತದೆ. ಶಬ್ದ ಏರಿಸುತ್ತಾ ಹೋದೆ. 65ಕ್ಕೆ ತುಂಡು ಡಬ್ಬಿಗೆ ಬಿತ್ತು. ಎರಡೂ ಕಿವಿಯದು ಒಂದೇ ಕಥೆ. ತಮಟೆಯನ್ನು ದಾಟಿ ನೇರ ಒಳಕಿವಿಗೆ ಮುಟ್ಟಲೆಂದು ಮೂಳೆಯ ಮೂಲಕ ಕೊಟ್ಟ ಶಬ್ದಕ್ಕೂ ಅಷ್ಟೇ. ಅಂದರೆ ತೊಂದರೆ ಇರುವುದು ಒಳಕಿವಿಯ ಕಡೆ.

ಮಾತಿನಲ್ಲಿ 'ಅ', 'ಆ' ಥರದ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿದೆ, ಅಂದರೆ ದಪ್ಪ ದನಿಯ ಕಡೆ. ಹೆಸರು ಹಿಡಿದು ಕರೆದರೆ ಓಡಿ ಬರುವುದು ಅದರಿಂದಲೇ. 'ಸ', 'ಶ' ಇರುವುದು ಬಹಳ ಮೇಲೆ, ದನಿಯೂ ತೆಳು. ಅಮ್ಮನಿಗೆ ಇದನ್ನು ಬಾಯಲ್ಲಿ ವಿವರಿಸುವ ಬದಲು, ದನಿ ತಡೆಯದೆ ತುಟಿ ಮಾತ್ರ ಮರೆಯಾಗುವಂತೆ ತೆಳು ಬಟ್ಟೆ ಬಿಗಿದ ಬಳೆಯನ್ನು ತುಟಿಗೆ ಅಡ್ಡ ಹಿಡಿದು ಹುಡುಗನಿಗೆ "ಹಾಕು" ಅಂದೆ. ತುಂಡು ಹಾಕಿದ. "ಸಾಕು" ಅಂದೆ. ಇನ್ನೊಂದು ಹಾಕಿದ. ಮತ್ತೆ "ಸಾಕು." ಮತ್ತೊಂದು ಹಾಕಿ, ಸರಿಯಾಯಿತಲ್ಲ ಎಂಬಂತೆ ನಕ್ಕ. ಹೇಳಿದ್ದನ್ನು ಅಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದ ಮಗು ಅದು.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. "ಇದಕ್ಕೇ ಹೊಡ್ದಿದ್ದೀನಿ" ಎಂದರು. ಆಮೇಲೆ, "ಹುಟ್ಟಿದಾಗ ಟೆಸ್ಟ್ ಪಾಸ್ ಆಗಿತ್ತಲ್ಲ ಮೇಡಂ?"

ಆಗಿರಬಹುದು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ನೆರವು ಎಂಬುದು ನಮ್ಮ ಕ್ಷೇತ್ರದ ಗುರಿ. ಅದು ಎಷ್ಟೋ ಮಕ್ಕಳ ಮಾತನ್ನು ಉಳಿಸಿದೆ. ಆದರೆ ಆ ಪಾಸ್ ಆವತ್ತಿನ ಕಿವಿಯ ಮಾತು ಮಾತ್ರ. ವಂಶವಾಹಿಯಿಂದ, ಮೆದುಳುಪೊರೆಯ ಉರಿಯೂತದಿಂದ, ಗರ್ಭದಲ್ಲೇ ತಗುಲಿದ ಸೈಟೊಮೆಗಾಲೊ ವೈರಸ್‌ನಿಂದ ಶ್ರವಣ ಆಮೇಲೂ ಇಳಿಯಬಹುದು. ಪಾಸ್ ಚೀಟಿ ಕೊಡುವಾಗಲೇ ಇದನ್ನು ಹೇಳಿ ಕಳಿಸಬೇಕು ಎಂದು ನಾನು ಹೋದಲ್ಲೆಲ್ಲ ಜಗಳ ಮಾಡುತ್ತೇನೆ.

ನಿಶ್ಶಬ್ದ ಕೋಣೆಯಲ್ಲಿ ಮರುಪರೀಕ್ಷೆಗೆ, ಶ್ರವಣ ಸಾಧನಕ್ಕೆ ದೊಡ್ಡ ಆಸ್ಪತ್ರೆಗೆ ಪತ್ರ ಬರೆದೆ. ಸಾಧನವನ್ನು ಕಿವಿಯಲ್ಲಿ ಕೂರಿಸುವ ಕಿವಿಯಚ್ಚನ್ನು ಮಗು ಬೆಳೆದಂತೆ ಬದಲಿಸುತ್ತಿರಬೇಕು, ಅದಕ್ಕೆ ಇಲ್ಲಿಗೇ ಬಂದರೆ ಸಾಕು ಎಂದೆ. ಟೀಚರಿಗೂ ಒಂದು ಪತ್ರ: ಮುಂದಿನ ಸಾಲಿನಲ್ಲಿ ಕೂರಿಸಿ, ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ. ಸಾಧನ ಬರುವವರೆಗೆ ಮನೆಯಲ್ಲಿ ಟಿವಿ ಆರಿಸಿ, ಹತ್ತಿರ ಕೂತು, ಮುಖ ಕಾಣುವಂತೆ ಮಾತಾಡಿ ಎಂದು ಅಮ್ಮನಿಗೆ ಹೇಳಿದೆ.

ಚೀಟಿ ಮಡಚಿಕೊಳ್ಳುತ್ತಾ ಅವರು ಕೇಳಿದರು, "ಇವನ ತಂಗಿಗೆ ಒಂಬತ್ತು ತಿಂಗಳು. ಅವಳನ್ನೂ ನೋಡ್ತೀರಾ?" ನಾನೇ ಹೇಳಬೇಕೆಂದಿದ್ದ ಮಾತು ಅದು. ನಿದ್ದೆ ಮುಗಿಸಿ, ಹೊಟ್ಟೆ ತುಂಬಿಸಿ ಕರೆದುಕೊಂಡು ಬನ್ನಿ ಎಂದು ಮುಂದಿನ ವಾರದ ಬೆಳಗಿನ ಮೊದಲ ಸಮಯವನ್ನೇ ಬರೆದುಕೊಟ್ಟೆ.