ಮಗಳ ಗಣಿತಕ್ಕೆ ಅಂತರ್ಜಾಲದ ನೆರವು

ಒಂಬತ್ತನೆಯ ತರಗತಿಯಲ್ಲಿರುವ ಮಗಳಿಗೆ ಬೀಜಗಣಿತ ಕಬ್ಬಿಣದ ಕಡಲೆಯಾದಾಗ, ಪಠ್ಯಪುಸ್ತಕದಲ್ಲೇ ಮುದ್ರಿತವಾಗಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ ಎಂಬುದನ್ನು ನಾನು ತಡವಾಗಿ ತಿಳಿದುಕೊಂಡೆ. ವಿವರಣೆಯೇನೋ ಸಿಕ್ಕಿತು; ಆದರೆ ಗಣಿತ ನೋಡಿ ಕಲಿಯುವ ವಿದ್ಯೆಯಲ್ಲ, ಮಾಡಿ ಕಲಿಯುವಂಥದ್ದು.

ಅಭ್ಯಾಸಕ್ಕೆ ಖಾನ್ ಅಕಾಡೆಮಿ ಎಂಬ ಕಲಿಕಾ ಜಾಲತಾಣ ಹೆಚ್ಚು ಒದಗಿತು: ಅಲ್ಲಿ ಕನ್ನಡದಲ್ಲಿಯೂ ಪಾಠಗಳಿವೆ, ಎಡವಿದಲ್ಲಿ ಸುಳಿವುಗಳು ಹಂತಹಂತವಾಗಿ ಸಿಗುತ್ತವೆ, ಶುಲ್ಕವಿಲ್ಲ. (ಸುಳಿವನ್ನೇ ಒತ್ತುತ್ತಾ ಹೋಗುವ ಚಾಳಿ ತಪ್ಪಿಸಲು ಮಾತ್ರ ನಾವೇ ಪಕ್ಕದಲ್ಲಿ ಕುಳಿತಿರಬೇಕು.)

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸತೊಡಗಿದ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶ. ಸರಳರೇಖೆಯ ಸಮೀಕರಣದಲ್ಲಿ ಎಕ್ಸ್‌ನ ಸಹಗುಣಕವನ್ನು, ಅಂದರೆ ಅದನ್ನು ಗುಣಿಸುವ ಸಂಖ್ಯೆಯನ್ನು, 1ರಿಂದ 3ಕ್ಕೆ ಏರಿಸಿದಂತೆ ಪರದೆಯ ಮೇಲಿನ ಗೆರೆ ಕಡಿದಾಗುತ್ತಾ ಹೋದುದನ್ನು ಕಂಡು ಅವಳು, “ಅಪ್ಪಾ, ಇಷ್ಟೇನಾ?” ಎಂದಳು.