ಮೋನ್ಸೆಗ್ಯೂರ್: ಕೋಟೆ ನೋಡಿ ಇಳಿದುಬಿಡಬೇಡಿ

ದಕ್ಷಿಣ ಫ್ರಾನ್ಸಿನ ಮೋನ್ಸೆಗ್ಯೂರ್‌ಗೆ ಹೋದವರು ಕೋಟೆ ಗೋಡೆ ಮುಂದೆ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಆದರೆ ಆ ಗೋಡೆ ಆಮೇಲೆ ಕಟ್ಟಿದ್ದು. ಚರ್ಚು ಧರ್ಮವಿರೋಧಿಗಳೆಂದ ಕ್ಯಾಥರ್ ಎಂಬ ಕ್ರೈಸ್ತ ಪಂಥದವರನ್ನು 1243-44ರಲ್ಲಿ ಮುತ್ತಿದ ಕಥೆಯೆಲ್ಲ ನಡೆದದ್ದು ಹಳೆಯ ಕೋಟೆಯಲ್ಲಿ, ಅದಕ್ಕೆ ಅಂಟಿಕೊಂಡಿದ್ದ ಊರಲ್ಲಿ. ಆ ಊರಿನ ಅಡಿಪಾಯ ಇನ್ನೂ ಇದೆ.

ತುಲೂಸ್‌ನಿಂದ ಫುವಾವರೆಗೆ ರೈಲಿದೆ. ಅಲ್ಲಿಂದ ಸುಮಾರು 30 ಕಿ.ಮೀ. ಬಸ್ ನೆಚ್ಚಿಕೊಂಡರೆ ದಿನ ಹಾಳು, ಹಾಗಾಗಿ ನಾವು ಬಾಡಿಗೆ ಕಾರು ಹಿಡಿದೆವು. ನಿಮಗೂ ಅದೇ ವಾಸಿ.

ಗುಡ್ಡ ಹತ್ತುವ ಮೊದಲು ಕೆಳಗಿನ ಊರಿನ ಪುಟ್ಟ ಮ್ಯೂಸಿಯಂ ನೋಡಿ. ಮೇಲೆ ಅಗೆದಾಗ ಸಿಕ್ಕ ಕತ್ತರಿ, ದಾಳ, ಬಾಣದ ಮೊನೆ ಎಲ್ಲ ಅಲ್ಲಿವೆ. ದಾಳ ನೋಡಿದ ಮೇಲೆ ಮೇಲಿನ ಬರೀ ಕಲ್ಲುಗಳಲ್ಲೂ ಮನೆ ಕಾಣತೊಡಗುತ್ತದೆ.

ಹತ್ತಲು ಅರ್ಧ ಗಂಟೆ ಸಾಕು, ಆದರೆ ಕಡಿದಾದ ದಾರಿ. ಸುಣ್ಣದಕಲ್ಲು ಸವೆದು ನುಣುಪಾಗಿದೆ, ಚಪ್ಪಲಿ ಬೇಡ. ನೀರು ಕೆಳಗಿಂದಲೇ ಒಯ್ಯಿರಿ. ಟಿಕೆಟ್ ಕೌಂಟರ್ ದಾರಿ ಮಧ್ಯದಲ್ಲಿದೆ.

ಮೇಲೆ ಉತ್ತರದ ಬಾಗಿಲಿಂದ ಹೊರಗೆ ಬನ್ನಿ. ಬಂಡೆ ಕಡಿದು ಮಾಡಿದ ಕಿರಿದಾದ ಸಮತಟ್ಟುಗಳು, ಅವುಗಳ ಮೇಲೆ ಮನೆಗಳ ತಳಪಾಯ. ಇದೇ ಆ ಊರು. ಸುಮಾರು 1204ರಲ್ಲಿ ಒಡೆಯ ರೇಮೊನ್ ದ ಪೆರೇಯ್ ಕ್ಯಾಥರ್ ಪಂಥದವರ ಕೋರಿಕೆಯಂತೆ ಈ ಜಾಗವನ್ನು ಮತ್ತೆ ಕಟ್ಟಿಸಿದ. 1232ರ ಹೊತ್ತಿಗೆ ಅವರ ಧರ್ಮಪೀಠವೇ ಇಲ್ಲಿಗೆ ಬಂತು. ಇಷ್ಟು ಇಕ್ಕಟ್ಟಿನಲ್ಲಿ ಸುಮಾರು 500 ಜನ, ಕುಡಿಯಲು ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆ ನೀರು!

1242ರಲ್ಲಿ ಇಲ್ಲಿಂದ ಹೋದವರು ಅವಿನ್ಯೊನೆ ಎಂಬಲ್ಲಿ ಕ್ಯಾಥರರನ್ನು ಹುಡುಕಿ ಶಿಕ್ಷಿಸುತ್ತಿದ್ದ ಚರ್ಚಿನ ವಿಚಾರಣಾಧಿಕಾರಿಗಳನ್ನು ಕೊಂದರು. ಮರುವರ್ಷ ಮೇ ತಿಂಗಳಲ್ಲಿ ಫ್ರಾನ್ಸ್ ರಾಜನ ಸೈನ್ಯ ಬಂದು ಗುಡ್ಡ ಸುತ್ತುವರಿಯಿತು. ಚಳಿಗಾಲದ ಒಂದು ರಾತ್ರಿ ಬೆಟ್ಟ ಹತ್ತುವುದರಲ್ಲಿ ಪಳಗಿದವರು ಪೂರ್ವದ ತುದಿ ಹಿಡಿದರು. ಆಮೇಲೆ ಕಲ್ಲೆಸೆಯುವ ಯಂತ್ರ ಹತ್ತಿರ ಬಂತು, ಊರು ತಡೆದುಕೊಳ್ಳಲಿಲ್ಲ. 1244ರ ಮಾರ್ಚ್‌ನಲ್ಲಿ ಶರಣಾದಾಗ ನಂಬಿಕೆ ಬಿಟ್ಟವರಿಗೆ ಮಾಫಿ ಅಂದರು. ಬಿಡದ 200ಕ್ಕೂ ಹೆಚ್ಚು ಜನರನ್ನು 16ನೇ ತಾರೀಖು ಸುಟ್ಟರು. ಯೋಚಿಸಲು ಎರಡು ವಾರ ಟೈಮ್ ಸಿಕ್ಕಿತ್ತು. ಆ ದಿನಗಳಲ್ಲೇ ಇಪ್ಪತ್ತಕ್ಕಿಂತ ಜಾಸ್ತಿ ಜನ ಹೊಸದಾಗಿ ದೀಕ್ಷೆ ತಗೊಂಡರಂತೆ, ಬೆಂಕಿ ಕಾದಿದೆ ಅಂತ ಗೊತ್ತಿದ್ದೂ. ನನಗೆ ಮುತ್ತಿಗೆಗಿಂತ ಇದೇ ತಲೆಯಲ್ಲಿ ಕೂತಿತು.

ಈಗಿನ ಕೋಟೆ ನಂತರ ಬಂದ ಲೆವಿ ಮನೆತನದ ಕಾಲದ್ದು. ದಾರಿ ಬುಡದ ಹುಲ್ಲುಗಾವಲಿನಲ್ಲಿ ಸತ್ತವರ ನೆನಪಿನ ಕಲ್ಲಿದೆ. ಅವಸರದಲ್ಲಿ ದಾಟಿಬಿಡಬೇಡಿ.

ಇನ್ನು ಊಟ. ಕ್ಯಾಥರ್ ದೀಕ್ಷೆ ಪಡೆದವರು ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ, ಮೀನು ಮಾತ್ರ ತಿನ್ನುತ್ತಿದ್ದರು. ಹಾಗಂತ ಇಲ್ಲಿ ಸಸ್ಯಾಹಾರ ಸುಲಭ ಅಂದುಕೊಳ್ಳಬೇಡಿ. ಊರು ತೀರಾ ಚಿಕ್ಕದು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಚಳಿಗಾಲದಲ್ಲಾದರೆ ಕೋಟೆ, ಮ್ಯೂಸಿಯಂ ಎರಡರ ಸಮಯವನ್ನೂ ಮೊದಲೇ ನೋಡಿಕೊಂಡು ಹೊರಡಿ.