ಕುದಿಸದ ಕಷಾಯ
ಮಳೆ ಶುರುವಾಯ್ತು ಅಂದ್ರೆ ಬೆಳಗಾವಿಯ ನಮ್ಮ ಓಣಿಯಲ್ಲಿ ಜ್ವರಕ್ಕೆಲ್ಲ ನೆಲಬೇವಿನ ಕಷಾಯವೇ. ಮೇಲೆ ಬೆಲ್ಲ ತಿಂದರೂ ಕಹಿ ನಾಲಿಗೆ ಬಿಡಲ್ಲ. ‘ಚಲೋ ಕುದಸಬೇಕ ನೋಡವಾ’ ಅಂತಾರೆ ಪಕ್ಕದ ಮನೆ ಕಾಕಾ.

ಚೀನಾದ ವಿಜ್ಞಾನಿ ತು ಯೂಯೂ ಮಾಡಿದ್ದು ಉಲ್ಟಾ. ಮಾಚಿಪತ್ರೆ ಜಾತಿಯ ಗಿಡವೊಂದನ್ನು ಮಲೇರಿಯಾಕ್ಕೆ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಫಲ, ಒಮ್ಮೆ ಇಲ್ಲ. ಹಳೇ ಗ್ರಂಥವೊಂದರಲ್ಲಿ ನೀರಲ್ಲಿ ನೆನೆಸಿ ಹಿಂಡಿ ಅಂತಿತ್ತು, ಕುದಿಸೋ ಮಾತೇ ಇರಲಿಲ್ಲ. ಅಂದ್ರೆ ಬಿಸಿಗೇ ಮದ್ದು ಕೆಡ್ತಿದೆ! 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. ಇಲಿಗಳಲ್ಲಿ ಕೆಲಸ ಮಾಡಿತು. 2015ರಲ್ಲಿ ನೊಬೆಲ್ ಬಂತು.

ನೆಲಬೇವು ಕುಡಿಯಲಿ, ಬೇಡ ಅನ್ನಲ್ಲ. ಮಲೇರಿಯಾನಾ ಅಂತ ನೋಡೋ ರಕ್ತ ಪರೀಕ್ಷೆ ಮಾತ್ರ ಬಿಡಬಾರದು, ಅಲ್ವಾ? ತು ಯೂಯೂ ಅಂತೂ ಗಟ್ಟಿಗಿತ್ತಿ. ರೋಗಿಗಳಿಗೆ ಕೊಡೋ ಮುಂಚೆ ಆ ಸಾರವನ್ನು ತಾವೇ ಸೇವಿಸಿ ನೋಡಿದ್ದರು.